ಹಕ್ಕಿ ಕೆತ್ತಿದ ಆರು ಹಿಡಿಗಳು

ಮಂಗಳವಾರ ಸಂಜೆ 4.50ಕ್ಕೆ ಠಾಣೆಗೆ ಓಡಿಬಂದ ಹೆಂಗಸಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗಂಡನಿಗೆ ಚಹಾ ಕೊಡಲು ಮನೆಯ ಹಿಂದಿನ ವರ್ಕ್‌ಶಾಪಿಗೆ ಹೋಗಿದ್ದಳಂತೆ. ಅವನು ಮೇಜಿನ ಕೆಳಗೆ ರಕ್ತದಲ್ಲಿ ಬಿದ್ದಿದ್ದ, ಉಸಿರಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದೆಯೇನಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಪಾಲಿಶ್‌ನೋನು ಸಾರ್, ನಮ್ಮಲ್ಲೇ ಕೆಲ್ಸಕ್ಕಿರೋನು. ಮಧ್ಯಾಹ್ನ ಮೂರು ಗಂಟೆಗೆ ಜಗಳ ಆಡ್ಕೊಂಡು ಹೋದ. ತಲೆ ಒಡೀತೀನಿ ಅಂದ. ನನ್ ಕಿವಿಯಾರೆ ಕೇಳ್ದೆ."

5.05ಕ್ಕೆ ಎಫ್‌ಐಆರ್ ದಾಖಲಾಯಿತು. 5.30ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಮೃತ ಅಡುಗೆಮನೆ ಚಾಕುಗಳ ಮರದ ಹಿಡಿಗಳನ್ನು ಅಲಂಕರಿಸುತ್ತಿದ್ದ. ಮಶೀನು ಹಿಡಿಯ ಮೇಲೆ ಚಿತ್ರ ಕೆತ್ತುತ್ತದೆ, ಆ ಗೀರುಗಳಿಗೆ ಬಣ್ಣದ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. ಅವನ ತಲೆಯ ಹಿಂಭಾಗಕ್ಕೆ, ಮರ ಬಿಗಿಹಿಡಿಯುವ ಕಬ್ಬಿಣದ ಕ್ಲಾಂಪಿನಿಂದ ಒಂದೇ ಏಟು ಬಿದ್ದಿತ್ತು. ಕ್ಲಾಂಪನ್ನು ಒರೆಸಿ ಅದರ ಜಾಗದಲ್ಲೇ ಇಟ್ಟಿದ್ದರು.

"ಗೋಡೆ ತುಂಬ ಚಾಕು, ಒಂದನ್ನೂ ಮುಟ್ಟಿಲ್ಲ. ಮರ್ಯಾದಸ್ಥ ಸಾರ್ ಹೊಡೆದೋನು," ಎಂದ ಹೆಡ್ ಕಾನ್‌ಸ್ಟೇಬಲ್. ಮೃತನ ಹೆಂಡತಿ ಬಾಗಿಲಲ್ಲೇ ನಿಂತಿದ್ದಾಳೆಂಬ ಪರಿವೆ ಅವನಿಗಿರಲಿಲ್ಲ.

6.40ಕ್ಕೆ ಪಾಲಿಶ್‌ನವನನ್ನು ಕರೆತಂದರು.

"ತಲೆ ಒಡೀತೀನಿ ಅಂದ್ಯಾ?"

"ಅಂದೆ. ನನ್ ಬಾಯಿ ಹೊಲಸು ಸಾರ್, ಕೈಯಲ್ಲ."

"ಮೂರು ಗಂಟೆ ಮೇಲೆ ಎಲ್ಲಿದ್ದೆ?"

"ಮನೇಲಿ ಮಲಗಿದ್ದೆ."

"ನೋಡಿದೋರು?"

"ಮಲಗಿದೋನನ್ನ ಯಾರು ನೋಡ್ತಾರೆ ಸಾರ್?"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವಂಥ ಆಸಾಮಿ. ಬೆದರಿಕೆಗೆ ಸಾಕ್ಷಿಯಿತ್ತು, ಮನೆಯಲ್ಲಿದ್ದ ಎನ್ನಲು ಇರಲಿಲ್ಲ. ಇನ್ನೇನೂ ಸಿಗದಿದ್ದರೆ ಮರುದಿನ ಸಂಜೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಿ ಜೈಲಿಗೆ ಕಳಿಸಬೇಕಿತ್ತು. ಇನ್‌ಸ್ಪೆಕ್ಟರಿಗೆ ಯಾಕೋ ಮನಸ್ಸು ಒಪ್ಪಲಿಲ್ಲ.

ಬುಧವಾರ ಬೆಳಿಗ್ಗೆ 9.15ಕ್ಕೆ ಅವನನ್ನು ವರ್ಕ್‌ಶಾಪಿಗೆ ಕರೆದೊಯ್ದರು. ಮೇಜಿನ ಮೇಲೆ ನೀಲಿ ರೆಸಿನ್ ಸುರಿದ ಹದಿನಾಲ್ಕು ಹಿಡಿಗಳು ಸಾಲಾಗಿದ್ದವು. ತಾನು ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದವನೆಂಬುದನ್ನೇ ಮರೆತು ಅವನು ಅವುಗಳ ಮೇಲೆ ಬಗ್ಗಿದ.

"ಇದ್ಯಾವ ಅರ್ಧಂಬರ್ಧ ಕೆಲ್ಸ ಸಾರ್?"

"ಏನದು, ಬಿಡಿಸಿ ಹೇಳು."

"ಸುರಿದ ಹತ್ತು ನಿಮಿಷದೊಳಗೆ ಗ್ಯಾಸ್ ಟಾರ್ಚಿನ ಬೆಂಕಿ ಸವರ್ಬೇಕು. ಇಲ್ದಿದ್ರೆ ಗಾಳಿಗುಳ್ಳೆ ಒಳಗೇ ನಿಂತ್ಬಿಡುತ್ತೆ, ಹಿಡಿ ಹಾಳು. ಎಂಟರಲ್ಲಿ ಗುಳ್ಳೆ ಇದೆ ನೋಡಿ, ಆರರಲ್ಲಿ ಇಲ್ಲ."

"ಆರು ಮುಗಿಸೋ ಹೊತ್ತಿಗೆ ಏಟು ಬಿದ್ದಿರಬಹುದು."

"ಯಜಮಾನ್ರು ಈ ತುದಿಯಿಂದ ಸಾಲಾಗಿ ಹೋಗ್ತಿದ್ರು. ಇದು ಅಲ್ಲೊಂದು ಇಲ್ಲೊಂದು ಆರಿಸಿ ಮಾಡಿರೋದು. ನಾನಾಗಿದ್ರೆ ಹದಿನಾಲ್ಕಕ್ಕೂ ಸವರ್ತಿದ್ದೆ."

ಇನ್‌ಸ್ಪೆಕ್ಟರ್ ಕನ್ನಡಕ ಹಾಕಿಕೊಂಡರು. ಗುಳ್ಳೆ ನಿಂತ ಎಂಟರಲ್ಲಿ ಎಲೆಬಳ್ಳಿಯ ಚಿತ್ತಾರವಿತ್ತು. ಆ ಆರರಲ್ಲಿ ಮಾತ್ರ ಒಂದೇ ಹಕ್ಕಿ, ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ. ಮಕ್ಕಳು ಬರೆಯುವಂಥದ್ದು.

ಅವರು ಮೃತನ ಹೆಂಡತಿಯನ್ನು ಕರೆಸಿದರು.

"ಈ ಹಕ್ಕಿ ಯಾರು ಬರೆದಿದ್ದು?"

"ಭಾವನ ಮಗಳು. ಜ್ವರ ಬಂದು ಹೋಗ್ಬಿಟ್ಳು, ಎರಡು ವರ್ಷ ಆಯ್ತು."

"ನಿಮ್ಮ ಭಾವನಿಗೆ ಈ ಕೆಲ್ಸ ಬರುತ್ತಾ?"

"ಇವರಿಗೆ ಕಲಿಸಿದ್ದೇ ಅವರು. ಮಗು ಹೋದ್ಮೇಲೆ ಈ ಕಡೆ ತಲೆ ಹಾಕ್ಲಿಲ್ಲ."

11.40ಕ್ಕೆ ಜೀಪು ಮೃತನ ಅಣ್ಣನ ಮನೆಯ ಮುಂದೆ ನಿಂತಿತು. ಅವನು ಓಡಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಪಾಲಿಶ್‌ನವನನ್ನು ಕಂಡು, "ಪಾಪ, ಅವನನ್ನ ಬಿಟ್ಬಿಡಿ. ಅವನದೇನೂ ಇಲ್ಲ," ಎಂದ.

"ಏನಾಯ್ತು, ಹೇಳಿ."

"ನಮ್ಮನೆಗೆ ಬಂದ ತಮ್ಮ ಮಗಳ ಪುಸ್ತಕದಿಂದ ಹಾಳೆ ಹರ್ಕೊಂಡು ಹೋಗಿದಾನೆ. ನಂಗೊತ್ತೇ ಇರ್ಲಿಲ್ಲ. ನಿನ್ನೆ ಅಂಗಡೀಲಿ ನೋಡ್ದೆ, ಈರುಳ್ಳಿ ಹೆಚ್ಚೋ ಚಾಕು ಮೇಲೆ ಅವಳ ಹಕ್ಕಿ. ಬೇಡ ಕಣೋ ಅಂತ ಹೇಳೋಕೆ ಹೋದೆ. 'ಮಶೀನಿಗೆ ಹಾಕಾಯ್ತಲ್ಲಣ್ಣ, ಇನ್ನು ಎಷ್ಟು ಬೇಕಾದ್ರೂ ಬರುತ್ತೆ' ಅಂದ. ಅಂದು ಬೆನ್ನು ತಿರುಗಿಸಿದ."

"ಹೊಡೆದ ಮೇಲೆ ಟಾರ್ಚ್ ಯಾಕೆ ಹಚ್ಚಿದ್ರಿ?"

"ಗುಳ್ಳೆ ಏಳ್ತಿತ್ತು ಸಾರ್. ಅವಳದ್ದು ಹಾಳಾಗ್ಬಿಡುತ್ತಲ್ಲ ಅನ್ನಿಸ್ತು. ತಮ್ಮ ನನ್ ಕಾಲ ಹತ್ರಾನೇ ಬಿದ್ದಿದ್ದ. ಅವನ ಕಡೆ ನೋಡ್ಲೇ ಇಲ್ಲ."

ಅವನು ಆಗ ಅತ್ತ. ತಮ್ಮನಿಗಾಗಿಯೋ ಮಗಳಿಗಾಗಿಯೋ, ಯಾರೂ ಕೇಳಲಿಲ್ಲ.

12.25ಕ್ಕೆ ದಸ್ತಗಿರಿಯಾಯಿತು. ತಮ್ಮನ ಮೇಜಿನಿಂದ ಅವನು ವಾಪಸ್ ತಂದಿದ್ದ, ಮಗಳು ಹಕ್ಕಿ ಬರೆದಿದ್ದ ಗೆರೆ ಹಾಳೆಯನ್ನು ಜಪ್ತಿ ಮಾಡಿ ಪಟ್ಟಿಗೆ ಸೇರಿಸಿದರು. ಸಹಿ ಹಾಕುವಾಗ ಅವನು ಕೇಳಿದ, "ಇದು ಯಾವಾಗ ನಂಗೆ ವಾಪಸ್ ಸಿಗುತ್ತೆ?"

"ಕೇಸ್ ಮುಗಿದ ಮೇಲೆ."

"ಅಲ್ಲೀವರೆಗೂ ಯಾರಿಗೂ ತೋರಿಸ್ಬೇಡಿ ಸಾರ್."

ಇನ್‌ಸ್ಪೆಕ್ಟರ್ ಹಾಳೆಯನ್ನು ಕಡತದೊಳಗೆ ಇಟ್ಟರು. ಪಾಲಿಶ್‌ನವನನ್ನು 1.10ಕ್ಕೆ ಮನೆಗೆ ಕಳಿಸಿದರು.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಕಾರಣ ಬರೆಯುವಲ್ಲಿ ಅವರ ಪೆನ್ನು ನಿಂತಿತು. ಕೊನೆಗೆ ದ್ವೇಷ ಎಂದೇ ಬರೆದರು. ದುಃಖ ಎಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಪಟ್ಟಿಯ ಜೊತೆ ಕೋರ್ಟಿಗೆ, ಸರ್ಕಾರಿ ವಕೀಲರಿಗೆ, ಆರೋಪಿಯ ವಕೀಲರಿಗೆ, ಠಾಣೆಯ ಕಡತಕ್ಕೆ ಜಪ್ತಿಯಾದ ಹಾಳೆಯ ಒಂದೊಂದು ನಕಲು ಹೋಗಬೇಕು. ಹೆಡ್ ಕಾನ್‌ಸ್ಟೇಬಲ್ ಆ ಹಾಳೆಯನ್ನು ಜೆರಾಕ್ಸ್ ಮಶೀನಿನ ಗಾಜಿನ ಮೇಲೆ ಬೋರಲು ಹಾಕಿ ನಾಲ್ಕು ಪ್ರತಿ ತೆಗೆದ. ನಾಲ್ಕನೆಯದು ಮಸುಕಾಗಿತ್ತು, ಇನ್ನೊಂದು ತೆಗೆದ.