ಕಲ್ಲು ಮಲಗುವ ಬಗೆ

"ಈ ಗ್ವಾಡಿ ಬಿಚ್ಚಬೇಕ್ರಿ."

ಹೇಳಿದವಳು ಸೈಟ್ ಎಂಜಿನಿಯರ್ ಚಂದ್ರಿಕಾ. ಹೇಳಿದ್ದು ಗೋಡೆಯ ನಕ್ಷೆ ಬರೆದ ಗಿರಿಧರನಿಗೇ... ಅದೂ ಮನೆಯೊಡತಿ ಜುವೈರಿಯಾಳ ಎದುರಿಗೆ!

ಮೂರು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ಧ್ವನಿ ಅವನದು. ಸಂಜೆ ಲೆಕ್ಕಪತ್ರದ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಮುಖ ನೋಡಿದ್ದು ಅಂದೇ ಮೊದಲು.

ಕೊಲ್ಲಿ ದೇಶದ ಮುಐದರ್ ಬಡಾವಣೆಯ ಆ ಮನೆಯೇ ಒಂದು ವಿಶೇಷ. ಇಂಗ್ಲೆಂಡಿನಲ್ಲಿ ಓದುವಾಗ ಜುವೈರಿಯಾ ಅಲ್ಲಿನ ಹಳ್ಳಿಯೊಂದರ ಮುನ್ನೂರು ವರ್ಷದ ಕಲ್ಲುಬಂಗಲೆಗೆ ಮನಸೋತಿದ್ದಳು. ಮೊನಚು ಮಾಡು, ಕಿಟಕಿಗಳ ನಡುವೆ ಕಲ್ಲಿನ ಕಂಬಿ, ಎತ್ತರದ ಚಿಮಣಿ, ಎಲ್ಲ ಹಾಗೇ ಬೇಕು. ಈ ಸೆಕೆಯಲ್ಲಿ ಚಿಮಣಿ ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಾಂಕ್ರೀಟಿಗೆ ಅಂಟಿಸಿದ ತೆಳು ಕಲ್ಲುಬಿಲ್ಲೆಯಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಯೇ ಆಗಬೇಕಿತ್ತು.

ಮೈಸೂರಿನ ಗಿರಿಧರನಿಗೆ ಹತ್ತು ವರ್ಷದಿಂದ ಬಿಲ್ಲೆ ಅಂಟಿಸುವ ಮನೆಗಳದ್ದೇ ರೂಢಿ. ಅಂದಕ್ಕೆಂದು ಬಾಗಿಲ ಎರಡೂ ಬದಿ ಉದ್ದನೆಯ ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿದ್ದ.

"ಕಾರಣ ಹೇಳಿ," ಎಂದ ತಣ್ಣಗೆ.

"ಕಲ್ಲು ಗಣಿಯೊಳಗ ಹೆಂಗ ಮಲಗಿತ್ತೋ ಗ್ವಾಡ್ಯಾಗೂ ಹಂಗ ಮಲಗಬೇಕ್ರಿ. ನಿಲ್ಲಿಸಿದ್ರ ಪದರ ಬಿಡ್ತೈತಿ. ಇಲ್ಲಿ ಗಾಳಿಯೊಳಗ ಉಪ್ಪು ಬ್ಯಾರೆ."

ಗುಳೇದಗುಡ್ಡದ ಕಲ್ಲುಕುಟಿಗ ನೀಲಕಂಠಪ್ಪನ ಮಗಳು ಅವಳು. ಅಕ್ಷರಕ್ಕಿಂತ ಮೊದಲು ಕಲಿತದ್ದು ಕಲ್ಲಿನ ಪದರ.

ಅದನ್ನೇ ಇಂಗ್ಲಿಷಿನಲ್ಲಿ ಕೇಳಿ ತಿಳಿದು ಜುವೈರಿಯಾ ಕೆಲಸ ನಿಲ್ಲಿಸಿದಳು. ಗಿರಿಧರ ಕಾರು ಹತ್ತಿದ. ಅಂದಿನಿಂದ ಬರೀ ಈಮೇಲು. ಆರು ವಾರ... ಸಂಜೆಯ ಫೋನ್ ಬರಲಿಲ್ಲ.

'ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲ' ಎಂದು ಅವಳ ಮನಸ್ಸು ಕುಟುಕುತ್ತಿತ್ತು. ಆದರೆ ಹೇಳಿದ್ದು ಸುಳ್ಳಲ್ಲ. ಅದಕ್ಕೆ ಅವಳು ಕ್ಷಮೆ ಕೇಳಲಾರಳು.

ಅಷ್ಟರಲ್ಲಿ ಅವಳ ಕಂಪನಿಯ ಮ್ಯಾನೇಜರ್ ವೆಂಕಟರಾಮು ಫೋನ್ ಮಾಡಿ, ಗಿರಿಧರ್ ನಿಮ್ಮ ಬಗ್ಗೆ ಪತ್ರ ಕೊಟ್ಟಿದ್ದಾರೆ, ಗುರುವಾರ ಆಫೀಸಿಗೆ ಬನ್ನಿ ಎಂದರು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಅವನೇ ತನ್ನನ್ನು ದೂರ ಮಾಡಲು ಬರೆದನೆ?

ಗುರುವಾರ ತಲೆಯೆತ್ತಿಯೇ ಒಳಗೆ ಹೋದಳು. ವೆಂಕಟರಾಮು ಪತ್ರವನ್ನು ಅವಳ ಕೈಗಿತ್ತರು. ಒಂದೇ ಸಾಲು: ಈ ಮನೆಯ ಕಲ್ಲಿನ ಕೆಲಸದಲ್ಲಿ ಇನ್ನು ಚಂದ್ರಿಕಾ ಅವರದ್ದೇ ಕೊನೆಯ ಮಾತು.

ಹೊರಗೆ ಗಿರಿಧರ ಕಾಯುತ್ತಿದ್ದ. ಕಾಲ ಬಳಿ ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಎರಡು ಕಲ್ಲು.

"ಅಲ್ ಗರಾಫಾದ ನನ್ನ ಮನೆ ಬಾಲ್ಕನೀಲಿ ಆರು ವಾರ ಉಪ್ಪುನೀರಲ್ಲಿ ನೆನೆಸಿ, ಒಣಗಿಸಿ, ಮತ್ತೆ ನೆನೆಸಿದೆ. ಒಂದನ್ನ ಮಲಗಿಸಿ, ಒಂದನ್ನ ನಿಲ್ಲಿಸಿ."

ನಿಲ್ಲಿಸಿದ ಕಲ್ಲಿನ ಮುಖ ಅವನ ಬೆರಳಿಗೇ ಚಕ್ಕೆಯಾಗಿ ಬಂತು.

"ಸಿಟ್ಟು ಇತ್ತೇನ್ರಿ?"

"ಮೊದಲ ವಾರ ಇತ್ತು. ಆಮೇಲೆ ನಾಚಿಕೆ. ಕೈಯಲ್ಲಿ ಉತ್ತರ ಇಲ್ಲದೆ ಫೋನ್ ಮಾಡೋಕೆ ಮನಸ್ಸು ಬರಲಿಲ್ಲ." ಅವನು ಚಕ್ಕೆಯನ್ನು ಅವಳ ಅಂಗೈಗಿಟ್ಟ. "ಎಲ್ಲರೂ ಸರ್ ಸರ್ ಅಂತ ನನ್ನ ತಪ್ಪನ್ನೇ ಕಟ್ಟಿಬಿಡ್ತಾರೆ, ಚಂದ್ರಿಕಾ. ನೀವು ಬಿಚ್ಚಿ ಅಂದ್ರಿ. ಜೀವನಪೂರ್ತಿ ಹಾಗೆ ಹೇಳೋಕೆ ನನ್ನ ಜೊತೆ ಇರ್ತೀರಾ?"

ಅವಳು ಚಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದಳು. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು.

"ನಮ್ಮಪ್ಪಗ ಫೋನ್ ಹಚ್ಚರಿ. ಮೊದಲ ಕಲ್ಲಿನ ಮಾತು ಆಡ್ರಿ, ಆಮ್ಯಾಲೆ ನನ್ನ ಮಾತು."

"ಅವರು ಬೈದ್ರೆ?"

"ಗ್ವಾಡಿಗೆ ಬೈತಾರ," ಅವಳು ನಕ್ಕಳು. "ನಿಮಗ ನಾ ಇದ್ದೀನಲ್ಲ."