ಟೇಪಿನ ಅಂಟಿನಲ್ಲಿ ಭಂಡಾರ

2025ರ ನವೆಂಬರ್ 11, ಬೆಳಿಗ್ಗೆ 10.40. ಈಶ್ವರ ಎಂಬಾತ ಜಮಖಂಡಿ ಠಾಣೆಗೆ ಬಂದು ದೂರು ಕೊಟ್ಟ. ತುಬಚಿ ರಸ್ತೆಯ ಏರಿನಲ್ಲಿ ಎಲೆಕ್ಟ್ರಿಕ್ ಆಟೋ ಹಿಂದಕ್ಕೆ ಜಾರಿ ಕಲ್ಲಿಗೆ ಬಡಿದು ಅವನ ತಾಯಿ ತಂಗೆವ್ವನ ಕಾಲು ಮುರಿದಿತ್ತು. ಆಟೋ ಓಡಿಸುತ್ತಿದ್ದ ಲಗಮವ್ವನ ಮೇಲೆ ಎಫ್‌ಐಆರ್ ದಾಖಲಾಯಿತು.

"ಏರಿನಾಗ ಗಾಡಿ ಒಮ್ಮಿಂದೊಮ್ಮೆಲೆ ಸತ್ತಂಗಾತ್ರಿ. ಬ್ರೇಕ್ ಒತ್ತೂದರಾಗ ಹಿಂದ ಹೋಗಿತ್ತು," ಎಂದಳು ಲಗಮವ್ವ.

"ಎಲ್ಲಾ ಡ್ರೈವರೂ ಹಂಗ ಹೇಳ್ತಾರ," ಎಂದರು ಪಿಎಸ್‌ಐ ಗಿರಮಲ್ಲಪ್ಪ.

"ಲೈಸೆನ್ಸ್ ಹೋದ್ರ ನಾ ಏನ್ ಮಾಡ್ಲಿ ಸಾಹೇಬ್ರ?"

ಪೇದೆ ಸೌಂದರ್ಯಾ ಬಾಗಿಲ ಬಳಿ ನಿಂತು ಲಗಮವ್ವನ ಕೈ ನೋಡುತ್ತಿದ್ದಳು. ಸುಳ್ಳು ಹೇಳುವವರ ಕೈ ಸುಮ್ಮನಿರುವುದಿಲ್ಲ ಎಂಬುದು ಅವಳ ನಂಬಿಕೆ. ಈ ಕೈಗಳು ಅಲುಗಲಿಲ್ಲ. ಆದರೂ ಸಂಶಯ ಹೋಗಲಿಲ್ಲ.

ಮಧ್ಯಾಹ್ನ 12.15ಕ್ಕೆ ಪಂಚನಾಮೆ. ಗಾಡಿ ಪರೀಕ್ಷಿಸಲು ಮುಧೋಳದಿಂದ ಮೆಕ್ಯಾನಿಕ್ ಪೂನಮ್ ಬಂದಳು. ಸಾಕ್ಷಿಗೆ ಕರೆದ ಪಂಚರಲ್ಲಿ ಒಬ್ಬ ಮಾಳು. ಲಗಮವ್ವ ಗಾಡಿ ನಿಲ್ಲಿಸುವ ಆಟೋ ಸ್ಟ್ಯಾಂಡಿನ ಪಕ್ಕದಲ್ಲೇ ಅವನ ಡೀಸೆಲ್ ಗ್ಯಾರೇಜು.

"ಮೊಬೈಲಿನಂಗ ಚಾರ್ಜ್ ಮಾಡೂ ಗಾಡಿ, ಏರು ಏರತೈತೇನ್ರಿ?" ಎಂದು ಮಾಳು ನಕ್ಕ.

"ನೀ ಇದನ್ನ ರಿಪೇರಿ ಮಾಡಿದ್ದೇನು?" ಗಿರಮಲ್ಲಪ್ಪ ಕೇಳಿದರು.

"ಎಂದೂ ಮುಟ್ಟಿಲ್ರಿ. ಬೇಕಾದ್ರ ಬರಕೊಳ್ರಿ."

ಸೌಂದರ್ಯಾ ಬರೆದುಕೊಂಡಳು.

ಬ್ಯಾಟರಿ ಸರಿಯಿತ್ತು. ಇನ್ನು ನೋಡಬೇಕಾದದ್ದು ಮೋಟಾರಿಗೆ ಕರೆಂಟನ್ನು ಅಳೆದು ಕೊಡುವ ಪೆಟ್ಟಿಗೆ, ಕಂಟ್ರೋಲರ್. ಪೂನಮ್ ಹಿಂದಿನ ಗಾಲಿಯನ್ನು ಎತ್ತಿಸಿ ಕೈಯಿಂದ ತಿರುಗಿಸಿದಳು. "ಕಂಟ್ರೋಲರ್ ಸುಟ್ಟಿದ್ರ ಗಾಲಿ ಬಿಗಿ ಹಿಡೀತಿತ್ರಿ. ಹಗುರ ತಿರಗಾಕತ್ತೈತಿ."

ಕೀಲಿ ಹಾಕಿದಾಗ ಕಂಟ್ರೋಲರಿನ ಕೆಂಪು ದೀಪ ಮೂರು ಸಲ ಮಿನುಗಿ ನಿಂತು, ಮತ್ತೆ ಮೂರು ಸಲ ಮಿನುಗಿತು.

"ಮೋಟಾರ್ ಎಷ್ಟು ತಿರಗೇತಿ ಅಂತ ಸುದ್ದಿ ಒಯ್ಯೂ ಐದು ಸಣ್ಣ ವೈರ್ ಅದಾವ್ರಿ. ಆ ಸುದ್ದಿ ಮುಟ್ಟಾಕತ್ತಿಲ್ಲ."

ಆ ವೈರುಗಳ ಪ್ಲಗ್ಗು ಸೀಟಿನಡಿಯ ಮುಚ್ಚಳದೊಳಗಿತ್ತು. ಬೋಲ್ಟುಗಳು ಬಿಗಿಯಾಗಿದ್ದವು.

"ಸರೀರಿ ಅಕ್ಕಾರ, ಇದು ನಮ್ಮ ಕೆಲಸ." ಮಾಳು ಪಾನಾ ತೆಗೆದುಕೊಂಡ. ಅಂಗಿಯ ಕಿಸೆಯಿಂದ ಸಣ್ಣ ಗಂಟು ಬಿಚ್ಚಿ, ಬೀರಪ್ಪನ ಭಂಡಾರದ ಅರಿಷಿಣ ಪುಡಿಯನ್ನು ಚಿಟಿಕೆಯಷ್ಟು ಮುಚ್ಚಳಕ್ಕೆ ಹಚ್ಚಿ, ಆಮೇಲೆ ಬೋಲ್ಟಿಗೆ ಕೈಹಾಕಿದ.

"ಎಲ್ಲಾ ಗಾಡಿಗೂ ಹಚ್ಚತೀಯೇನಲೇ?"

"ಅಪ್ಪ ಕಲಿಸಿದ್ದು ಸಾಹೇಬ್ರ. ಹಚ್ಚದ ಒಂದು ನಟ್ಟೂ ಬಿಚ್ಚಿಲ್ಲ."

ಮುಚ್ಚಳ ತೆಗೆದು ಅವನು ಹಿಂದೆ ಸರಿದ. ಪೂನಮ್ ಪ್ಲಗ್ಗಿನ ಕಪ್ಪು ಟೇಪು ಬಿಚ್ಚಿದಳು. ಒಂದು ಪಿನ್ನು ಅರ್ಧ ಹಿಂದಕ್ಕೆ ಬಂದಿತ್ತು.

"ಯಾರೋ ಎಳದಾರ್ರಿ. ಛಲೋ ರಸ್ತೆದಾಗ ಓಡತೈತಿ, ಏರಿನಾಗ ಧಕ್ಕಿ ಆದ್ರ ಪಿನ್ನು ಬಿಡತೈತಿ."

ಸೌಂದರ್ಯಾ ಬಗ್ಗಿ ನೋಡಿದಳು. ದೊಡ್ಡವರ ಮುಂದೆ ಅವಳ ದನಿ ಏಳುತ್ತಿರಲಿಲ್ಲ. ಈಗ ಎದ್ದಿತು.

"ಸಾಹೇಬ್ರ, ಟೇಪಿನ ಅಂಟಿನಾಗ ಭಂಡಾರ ಐತ್ರಿ."

"ಲಗಮವ್ವಾ, ನೀ ಹಚ್ಚಿದ್ದೇನು?"

"ಮುಂದಿನ ಗಾಲಿಗೆ ಕುಂಕುಮ ಹಚ್ಚೀನ್ರಿ. ಟೇಪಿನ ಒಳಗ ಹೆಂಗ ಹಚ್ಚಲಿ?"

ಎಲ್ಲರೂ ಮಾಳುವಿನತ್ತ ತಿರುಗಿದರು. ಅವನ ಬೆರಳುಗಳು ಗಂಟನ್ನು ಬಿಚ್ಚುತ್ತಿದ್ದವು, ಕಟ್ಟುತ್ತಿದ್ದವು.

ಬೇರೆ ಪಂಚನನ್ನು ಕರೆಸಿ ಟೇಪು, ಪ್ಲಗ್ಗು, ಗಂಟು ಜಪ್ತಿ ಮಾಡಲಾಯಿತು. 3.20ಕ್ಕೆ ಮಾಳುವಿನ ಬಂಧನ. ಠಾಣೆಯಲ್ಲಿ ಇರಿಸಿಕೊಂಡಿದ್ದ ಲಗಮವ್ವನ ಲೈಸೆನ್ಸನ್ನು ಅವಳ ಕೈಗೇ ಮರಳಿ ಕೊಟ್ಟರು.

"ಸ್ಟ್ಯಾಂಡಿನಾಗ ಎಲ್ಲಾರೂ ಇಂಥಾ ಗಾಡೀನ ತಗೋತೇವಿ ಅನ್ನಾಕತ್ತಿದ್ರು," ಎಂದ ಮಾಳು. "ಇದರಾಗ ಎಂಜಿನ್ನ ಇಲ್ಲ, ನನ್ನ ಕಡೆ ಯಾರ ಬರ್ತಾರ್ರಿ? ನಾಕ ಮಂದಿ ಮುಂದ ಕೆಟ್ಟು ನಿಲ್ಲಲಿ ಅಂತ ಮಾಡಿದೆ. ತಂಗೆವ್ವ ಆಯಿ ಕಾಲು ಮುರೀಲಿ ಅಂತ ಅಲ್ರಿ."

"ಕೆಡಸಾಕ ಹೋದಾಂವ ಭಂಡಾರ ಯಾಕ ಹಚ್ಚಿದಿ?" ಸೌಂದರ್ಯಾ ಕೇಳಿದಳು.

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಹಚ್ಚದ ಗಾಡಿ ಮುಟ್ಟಿದ್ರ ಪಾಪ ಹತ್ತತೈತ್ರೀ ಅಕ್ಕಾರ."

ಅವಳು ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡಳು.