ಇಪ್ಪತ್ತೆಂಟನೆಯ ಕಿಲೋಮೀಟರಿನ ನೀರು

ಅಕ್ಷರಾ ನೀಡಿದ ನೀರಿನ ಬಾಟಲಿಯನ್ನು ಗುರುಪ್ರಕಾಶನು ಓಟದ ಇಪ್ಪತ್ತಮೂರನೆಯ ಬೆಳಗ್ಗೆಯೂ ಮುಟ್ಟಲಿಲ್ಲ. ಕೈಮುಗಿದು, ಕಣ್ಣು ತಗ್ಗಿಸಿ, "ಬ್ಯಾಡ್ರೀ" ಎಂದನಷ್ಟೇ.

ಅವನು ಜಂಗಮವಾಡಿಯ ಮಠದಲ್ಲಿ ಸಂಸ್ಕೃತ ಕಲಿಸುವ ಕಲಬುರಗಿಯ ತರುಣ, ಸಂನ್ಯಾಸಿಯಲ್ಲ. ಅವಳು ಅದೇ ಗಲ್ಲಿಯಲ್ಲಿ ಅಜ್ಜಿ ಕಾವೇರಮ್ಮನ ಕೈಯಲ್ಲಿ ಬೆಳೆದವಳು. ಮಠದ ಆಚಾರ ಅರಿಯದವಳು. ಮ್ಯಾರಥಾನಿನ ತಯಾರಿಗೆಂದು ಇಬ್ಬರೂ ದಿನವೂ ಗಂಗೆಯ ಸೇತುವೆ ದಾಟಿ ಆಚೆ ದಡದ ರಾಮನಗರಕ್ಕೆ ಓಡುತ್ತಿದ್ದರು. ಮಂಜಿನಲ್ಲಿ ಗಂಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಅವನ ಉಸಿರು ಕೇಳುತ್ತಿತ್ತು. ಅವಳ ಹೆಜ್ಜೆ ಕುಂದಿದರೆ ಅವನದೂ ಕುಂದುತ್ತಿತ್ತು. ಅವಳು ಓರೆಗಣ್ಣಿನಿಂದ ನೋಡುವಳು. ಮೊದಲೇ ನೋಡುತ್ತಿದ್ದ ಅವನು ತಟ್ಟನೆ ರಸ್ತೆಯತ್ತ ತಿರುಗುವನು. ಇಷ್ಟು ಹತ್ತಿರದವನಿಗೆ ಅವಳ ಕೈಯ ನೀರು ಮಾತ್ರ ಏಕೆ ಬೇಡ?

"ನಮ್ಮ ನೀರು ಅವರಿಗೆ ಮೈಲಿಗೆ ಇರಬೇಕು, ಅಜ್ಜಿ."

"ಪಕ್ಕದಲ್ಲೇ ಓಡ್ತಾನಲ್ಲೇ! ಕಾಲಿಗಿಲ್ಲದ ಮಡಿ ಬಾಯಿಗೆ ಯಾಕಂತೆ?" ಕಾವೇರಮ್ಮ ನಕ್ಕರು.

ಅಕ್ಷರಾ ನಗಲಿಲ್ಲ. ಪಂದ್ಯದ ದಿನವೂ ಅವನು ಬೇಡವೆಂದರೆ ಮರುದಿನದಿಂದ ಒಬ್ಬಳೇ ಓಡುವುದೆಂದು ನಿಶ್ಚಯಿಸಿದಳು.

ಪಂದ್ಯವು ಬೆಳಗಿನ ಐದಕ್ಕೆ ಕಂಟೋನ್ಮೆಂಟಿನಿಂದ ಹೊರಟಿತು. ಮೊದಲ ಇಪ್ಪತ್ತು ಕಿಲೋಮೀಟರುಗಳು ಕನಸಿನಂತೆ ಕಳೆದವು. ಮೈಗೆ ತೂಕವೇ ಇರಲಿಲ್ಲ. ಅನಂತರ ಪ್ರತಿಯೊಂದು ಕಿಲೋಮೀಟರೂ ಹಿಂದಿನದಕ್ಕಿಂತ ಉದ್ದವಾಯಿತು. ಮೀನಖಂಡ ಕಲ್ಲಾಯಿತು. ಇಪ್ಪತ್ತೆಂಟನೆಯದರಲ್ಲಿ, ರಾಮನಗರದ ಒಂದು ಬೇವಿನ ಮರದ ಬಳಿ, ಗುರುಪ್ರಕಾಶನು ತೂರಾಡಿದನು. ಅವನ ತುಟಿ ಬಿಳಿಚಿತ್ತು.

"ಕುಡೀರಿ."

"ಬ್ಯಾಡ್ರೀ. ನೀವು ಓಡ್ರಿ, ನಿಮ್ಮ ಟೈಮ್ ಹೋಗ್ತದ."

"ಹೋಗ್ಲಿ. ನನ್ನ ಕೈಲಿ ವಿಷ ಇದೆಯಾ? ಸಾಫ್ ಸಾಫ್ ಹೇಳಿ, ಮಾಸ್ಟರ್‌ಜೀ."

ಅವನು ಬೆಚ್ಚಿದನು. "ಅಯ್ಯ, ಹಂಗಲ್ರೀ! ಲಿಂಗಪೂಜಿ ಆಗೂತನ ನಾವು ಹನಿ ನೀರೂ ಮುಟ್ಟಂಗಿಲ್ಲ. ದಿನಾ ಓಡಿ ಹೋಗಿ, ಜಳಕಾ ಮಾಡಿ, ಪೂಜಿ ಮುಗಿಸಿ ಆಮ್ಯಾಲ ಕುಡೀತೀನಿ."

"ಅರೇ, ಇವತ್ತು ನಲವತ್ತೆರಡು ಕಿಲೋಮೀಟರ್! ಪೂಜೆ ಮುಗಿಸಿ ಬರಬಾರದಿತ್ತಾ, ಬುದ್ಧೂ?"

"ನಸುಕಿನಾಗ ಕುಂತಿದ್ದೆ." ಅವನು ತನ್ನ ಬೂಟುಗಳನ್ನೇ ನೋಡುತ್ತ ಹೇಳಿದನು. "ಅಂಗೈಯಾಗ ಲಿಂಗ ಇಟ್ಟು ನೋಡಿದ್ರ, ನಿಮ್ಮ ಮಾರಿ ಕಾಣ್ತು. ಮನಸ್ಸು ನಿಲ್ಲಲಿಲ್ಲ. ಎದ್ದು ಬಂದೆ."

ಬೇವಿನ ಎಲೆಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಅಕ್ಷರಾಳಿಗೆ ಕಾಲಿನ ನೋವು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ.

"ಈಗ ಕೂತ್ಕೊಳ್ಳಿ," ಎಂದಳು ಕೊನೆಗೆ. "ನಾನು ಬೆನ್ನ ಹಿಂದೆ ನಿಲ್ತೀನಿ. ಕಾಣೋದಿಲ್ಲ."

ಅವಳು ನೀರೆರೆದಳು, ಅವನು ಕೈಕಾಲು ತೊಳೆದನು. ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತನು. ಓಟಗಾರರು ಗುಂಪುಗುಂಪಾಗಿ ದಾಟಿಹೋದರು. ಅವಳು ಗಡಿಯಾರ ನೋಡಲಿಲ್ಲ.

ಅವನು ಲಿಂಗವನ್ನು ಕರಡಿಗೆಗೆ ಸೇರಿಸಿದ ಮೇಲೆ ಮೆಲ್ಲನೆ ಕೇಳಿದಳು:

"ಕಾಣಿಸ್ತಾ?"

"ಕಾಣ್ತು."

"ಯಾವುದು?"

"ಎರಡೂ. ಈ ಸಲ ಏಳಲಿಲ್ಲ ನಾ."

ಅವನು ಬೊಗಸೆಯೊಡ್ಡಿದನು. ಅವಳು ಅವನ ಮುಖವನ್ನೇ ನೋಡುತ್ತ ಎರೆದಿದ್ದರಿಂದ ಅರ್ಧ ನೀರು ಹೊರಗೆ ಚೆಲ್ಲಿತು. ಉಳಿದರ್ಧವನ್ನು ಅವನು ಹನಿ ಬಿಡದೆ ಕುಡಿದು, ಮತ್ತೆ ಬೊಗಸೆಯೊಡ್ಡಿದನು.

"ನಡೀರಿ," ಎಂದಳು ಅಕ್ಷರಾ. "ಇನ್ನೂ ಹದಿನಾಲ್ಕು ಇದೆ. ಅಷ್ಟರಲ್ಲಿ ಅಜ್ಜಿ ಮುಂದೆ ಏನು ಹೇಳ್ತೀರಿ ಅಂತ ಬಾಯಿಪಾಠ ಮಾಡ್ಕೊಳ್ಳಿ."

"ಸಂಸ್ಕೃತದಾಗ?"

"ಕನ್ನಡದಲ್ಲಿ. ಜೋರಾಗಿ. ಅಜ್ಜಿಗೆ ಕಿವಿ ಮಂದ."

ಇಬ್ಬರೂ ಸೇತುವೆಯತ್ತ ಓಡಿದರು. ಏರು ಮುಗಿಯುವಷ್ಟರಲ್ಲಿ ಅವನು ಮೊದಲನೆಯ ವಾಕ್ಯವನ್ನೇ ಮೂರು ಸಲ ತಪ್ಪಿದ್ದನು.